ಲಿಂಗ ಹಿಡಿಯುವ ಕೈ

ಪುಟ್ಟಿ, ಅಪ್ಪು, ಇದು ನಿಮಗೆ.

ನಾನು ಓದಿದ್ದು ಹಳ್ಳಿ ಶಾಲೆಯ ಏಳನೆಯ ತರಗತಿಯವರೆಗೆ. ಅಕ್ಷರ ದುಂಡಗೆ ಬರುತ್ತವೆ, ಆದರೆ ಕೈ ನಿಧಾನ. ಮನೆಯಲ್ಲೇ ಇರುವ ಮೊಮ್ಮಕ್ಕಳಿಗೆ ಬರೆದು ಹೇಳುವುದೇನು, ಹತ್ತಿರ ಕೂಡಿಸಿಕೊಂಡು ಹೇಳಬಾರದೇ ಎಂದು ನಿಮ್ಮ ಅವ್ವ ಕೇಳುತ್ತಾಳೆ. ಹಾಗೆ ಹೇಳುವ ಧೈರ್ಯ ನನಗಿದ್ದರೆ ಈ ಹಾಳೆಗಳೇ ಬೇಕಿರಲಿಲ್ಲ.

ಈ ಬೇಸಿಗೆ ರಜೆಯಲ್ಲಿ ಅಪ್ಪು ತನ್ನ ಗೆಳೆಯರನ್ನು ಪಡಸಾಲೆಗೆ ಕರೆದುಕೊಂಡು ಬಂದಿದ್ದ. ನಾನು ಕಂಬಕ್ಕೆ ಒರಗಿ ತೊಗರಿಬೇಳೆ ಆರಿಸುತ್ತಿದ್ದೆ.

"ನಮ್ಮ ಆಯಿ ಕೈಯಾಗ ಮಷೀನ್ ಅದ. ಕಿವಿ ಹಚ್ಚಿದ್ರ ಝುಂ ಅಂತದ. ಖರೇನೋ! ಆಯಿ, ಕೈ ಕೊಡು, ಇವರಿಗೆ ಕೇಳಸ್ತೀನಿ."

ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು, ಮೊರವನ್ನು ಅಲ್ಲೇ ಬಿಟ್ಟು ಒಳಗೆ ಎದ್ದು ಹೋದೆ. ಹಿಂದೆ ಹುಡುಗರು ನಕ್ಕಿದ್ದು ಕೇಳಿಸಿತು. "ಬರೀ ಡಂಗು ಹೊಡೀತಿ ನೀ" ಎಂದು ಒಬ್ಬ ಅಂದ. ಅಪ್ಪುವಿನ ಮುಖ ಸಣ್ಣದಾದದ್ದು ಬಾಗಿಲ ಸಂದಿಯಿಂದ ಕಂಡಿತು. ಆಮೇಲೆ ಪುಟ್ಟಿ ಬಂದು ನನ್ನ ಪಕ್ಕ ಕುಳಿತು, "ಆಯಿ, ಆ ಕೈ ಅಂದ್ರ ನಿನಗ್ಯಾಕ ಅಷ್ಟು ನಾಚಿಕಿ?" ಎಂದು ಕೇಳಿದಳು. ನಾನು ಬೇಳೆಯಲ್ಲಿ ಇಲ್ಲದ ಕಲ್ಲು ಹುಡುಕಿದೆ.

ಆ ಪ್ರಶ್ನೆಗೆ ಉತ್ತರ ಇದು.

ನನಗೆ ಲಿಂಗ ಕಟ್ಟಿದಾಗ ನಾನು ಇನ್ನೂ ತೊಟ್ಟಿಲಲ್ಲಿದ್ದೆನಂತೆ. ಬುದ್ಧಿ ಬಂದಾಗಿನಿಂದ ಸ್ನಾನವಾದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದೇನೆ. ಬಲಗೈ ನೀರು ಹಾಕುತ್ತದೆ, ವಿಭೂತಿ ಹಚ್ಚುತ್ತದೆ, ಪತ್ರಿ ಇಡುತ್ತದೆ. ಎಡಗೈಗೆ ಹಿಡಿದುಕೊಂಡು ಇರುವುದೇ ಕೆಲಸ. ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ನೋಡುತ್ತಾ ಕೂತರೆ ಮನೆಯೊಳಗಿನ ಪಾತ್ರೆ ಸದ್ದು, ಹೊರಗಿನ ಬಸ್ಸಿನ ಸದ್ದು ಎಲ್ಲ ದೂರ ಹೋಗುತ್ತವೆ. ಮದುವೆಯಾಗಿ ಕಮಲಾಪುರದ ಈ ಮನೆಗೆ ಬಂದಾಗಲೂ ಅತ್ತೆಯವರು ಆ ಹೊತ್ತಿನಲ್ಲಿ ನನ್ನನ್ನು ಕೂಗುತ್ತಿರಲಿಲ್ಲ. ದಿನದಲ್ಲಿ ನನ್ನದು ಅನ್ನುವ ಹೊತ್ತು ಅದೊಂದೇ.

ನಿಮ್ಮ ಅಜ್ಜ ತೀರಿಕೊಂಡಾಗ ಅಪ್ಪು ಇನ್ನೂ ಹುಟ್ಟಿರಲಿಲ್ಲ. ನಮ್ಮಲ್ಲಿ ಹೋದವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಮಠದ ಅಯ್ಯನವರು ಅವರ ಎಡ ಅಂಗೈಯಲ್ಲಿ ಲಿಂಗವಿಟ್ಟು ಒಂದೊಂದೇ ಬೆರಳು ಮಡಿಸಿದರು. ಕೊನೆಯ ಬೆರಳು ಮಡಿಯಲಿಲ್ಲ. ಬೆಲ್ಲದ ಪೆಂಟೆ ಎತ್ತಿ ಎತ್ತಿ ದಪ್ಪಗಾಗಿದ್ದ ಬೆರಳು ಅದು. ಕಲಬುರಗಿಯ ನೆಹರು ಗಂಜ್ ಪೇಟೆಯ ಅಂಗಡಿಯೊಂದರಲ್ಲಿ ಅವರು ಬಹಳ ವರ್ಷ ದುಡಿದಿದ್ದರು. ಅಯ್ಯನವರು ತಾಳ್ಮೆಯಿಂದ ಮತ್ತೊಮ್ಮೆ ಮಡಿಸಿ ಬಟ್ಟೆ ಸುತ್ತಿದರು. ನಾನು ಮುಖ ನೋಡಲಿಲ್ಲ, ಆ ಕೈಯನ್ನೇ ನೋಡಿದೆ. ನನ್ನ ಕೈಯಲ್ಲೂ ಒಂದು ದಿನ ಹೀಗೇ ಇಡುತ್ತಾರೆ, ಅಲ್ಲಿಯ ತನಕ ಇದನ್ನು ಚೊಕ್ಕಟ ಇಟ್ಟುಕೊಳ್ಳಬೇಕು ಅಂದುಕೊಂಡೆ. ಬಳೆ ತೆಗೆದ ಕೈ ಬರಿದಾಗಿ ಕಾಣುತ್ತಿತ್ತು. ಲಿಂಗ ಹಿಡಿದಾಗ ಮಾತ್ರ ಹಾಗೆ ಅನ್ನಿಸುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ನನಗೆ ಮೊದಲಿನಿಂದ ಇತ್ತು. ಅದು ಕಿಡ್ನಿಗೆ ಇಳಿದದ್ದು ಕಾಲು ಬಾತಾಗ ಗೊತ್ತಾಯಿತು. ನಿಮ್ಮ ಅವ್ವ ನನ್ನನ್ನು ಬಸ್ಸಿನಲ್ಲಿ ಕಲಬುರಗಿಗೆ ಕರೆದುಕೊಂಡು ಹೋದಳು. ಕಿಡ್ನಿ ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದಿಟ್ಟರು.

"ಅವ್ವಾರ, ಕಿಡ್ನಿ ಇನ್ನ ಭಾಳ ದಿನ ಸಾಥ್ ಕೊಡಂಗಿಲ್ಲ. ಮುಂದ ಡಯಾಲಿಸಿಸ್ ಬೇಕಾಗ್ತದ. ಮಷೀನಿನಾಗ ರಕ್ತ ತೊಳದು ತಿರುಗಿ ಒಳಗ ಬಿಡೋದು. ಹೆದರಬ್ಯಾಡ್ರಿ. ಆದ್ರ ಅದಕ್ಕ ಕೈ ತಯಾರು ಇರಬೇಕು."

ಕೈ ತಯಾರು ಮಾಡುವುದೆಂದರೇನು ಎಂದು ಅವರು ತಮ್ಮ ಕೈಯ ಮೇಲೆಯೇ ಬೆರಳಿಟ್ಟು ತೋರಿಸಿದರು. ಮಣಿಕಟ್ಟಿನ ಹತ್ತಿರ ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳ ಕೂಡಿಸುತ್ತಾರೆ. ರಕ್ತ ರಭಸದಿಂದ ನುಗ್ಗಿ ಮೇಲಿನ ನಾಳ ದಪ್ಪಗಾಗುತ್ತದೆ. ಅದಕ್ಕೇ ಡಯಾಲಿಸಿಸ್ ಸೂಜಿ ಚುಚ್ಚುತ್ತಾರೆ. ಫಿಸ್ಟುಲಾ ಅನ್ನುತ್ತಾರೆ.

"ಈಗ ಮಾಡಿಸಿಟ್ರ ನಾಳ ದಪ್ಪಾಗಿ ಹಣ್ಣಾಗಾಕ ವ್ಯಾಳ್ಯಾ ಸಿಗ್ತದ. ಎಡಗೈಗೆ ಮಾಡಸೂಣು, ಬಲಗೈ ನಿಮ್ಮ ಕೆಲಸಕ್ಕ ಇರಲಿ. ಇವತ್ತಿನಿಂದ ಎಡಗೈಗೆ ಯಾರಿಗೂ ಸೂಜಿ ಚುಚ್ಚಾಕ ಬಿಡಬ್ಯಾಡ್ರಿ. ಬಿ.ಪಿ. ಪಟ್ಟಿನೂ ಕಟ್ಟಿಸಬ್ಯಾಡ್ರಿ."

ಎಡಗೈ ಅಂದದ್ದು ಕೇಳಿ ನನ್ನ ಅಂಗೈ ತಾನಾಗಿ ಮುಚ್ಚಿಕೊಂಡಿತು. ಆದರೂ ತಲೆ ಆಡಿಸಿದೆ. ತಲೆ ಆಡಿಸುವುದೊಂದು ನನಗೆ ಚೆನ್ನಾಗಿ ಬರುತ್ತದೆ.

ಆಮೇಲೆ ನಾನು ಆಡಿದ್ದು ದಿನ ದೂಡುವ ಆಟ. ಶ್ರಾವಣ ಮುಗಿಯಲಿ ಅಂದೆ. ಶ್ರಾವಣ ಮುಗಿದ ಮೇಲೆ ನಿಮ್ಮ ಸೋದರಮಾವನ ಮದುವೆ ಬಂತು. ಮದುವೆಯಾದ ಮೇಲೆ ತೊಗರಿ ರಾಶಿ. ನಿಮ್ಮ ಅಪ್ಪ ನಂದೂರಿನ ದಾಲ್ ಮಿಲ್ಲಿನಿಂದ ಬಂದವನು ಬೂಟು ಬಿಚ್ಚುತ್ತಲೇ ಕೇಳುತ್ತಿದ್ದ.

"ಯವ್ವಾ, ಡಾಕ್ಟರ್ ಏನಂದಾರ ಮರ್ತೇನು? ಮಿಲ್ಲಿನಾಗ ಬೆಲ್ಟ್ ಹರಿಯೂಕಿಂತ ಮೊದಲ ಬದಲಿ ಮಾಡ್ತೀವಿ ನಾವು. ಹರಿದ ಮ್ಯಾಲ ಮಾಡಿದ್ರ ಮಾಲೆಲ್ಲಾ ನಿಂತಬಿಡ್ತದ."

"ನಾ ಏನ್ ಬೆಲ್ಟೇನೋ?"

"ಬೆಲ್ಟಾದ್ರ ಮಾತು ಕೇಳ್ತಿತ್ತು."

ಅವನು ನಗಿಸುತ್ತಿದ್ದ, ನಾನು ನಗುತ್ತಿದ್ದೆ, ದಿನ ಹೋಗುತ್ತಿತ್ತು. ಆ ಕೈ ಯಾಕೆ ಕೊಡಲಾರೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಪೂಜೆಯ ಮಾತು ಎತ್ತಿದರೆ ದೊಡ್ಡ ಭಕ್ತಳು ಅಂತ ತೋರಿಸಿಕೊಂಡ ಹಾಗೆ. ಮಣ್ಣು ಮಾಡುವ ಮಾತು ಎತ್ತಿದರೆ ಅವನ ಮುಖ ನೋಡಲಾಗುತ್ತಿರಲಿಲ್ಲ. ಬಿಸಿ ಅನ್ನದ ತುತ್ತನ್ನು ಬಾಯಲ್ಲೇ ಹೊರಳಿಸುವ ಹಾಗೆ ಆ ಮಾತನ್ನು ಇಟ್ಟುಕೊಂಡೆ.

ಹೀಗಿರುವಾಗ ನಮ್ಮ ಓಣಿಯಲ್ಲಿ ಒಂದು ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಇಂಥ ಕಡೆ ನಾನು ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕೂಡುತ್ತೇನೆ. ಕುಂಕುಮದ ಬಟ್ಟಲು ಬಂದಾಗ ನನ್ನನ್ನು ದಾಟಿ ಮುಂದೆ ಹೋಗುತ್ತದೆ. ಯಾರ ತಪ್ಪೂ ಅಲ್ಲ, ಹಾಗೇ ನಡೆದು ಬಂದಿದೆ. ಅವತ್ತು ಕೂಸಿನ ಅವ್ವ, ಚಿಕ್ಕ ಹುಡುಗಿ, ತಾಟಿನಲ್ಲಿ ನಮ್ಮ ಊರಿನ ಕೆಂಪು ಬಾಳೆಹಣ್ಣು ಹಿಡಿದು ಎಲ್ಲರಿಗಿಂತ ಮೊದಲು ನನ್ನ ಹತ್ತಿರ ಬಂದಳು.

"ಕಾಕಿ, ನೀವು ಮೊದಲ ತೊಗೋರಿ. ನೀವು ತಿಂದ್ರ ನಮ್ಮ ಕೂಸಿಗೆ ಛಲೋ ಆಗ್ತದ."

ಬಾಳೆಹಣ್ಣು ಮುಟ್ಟಲೇಬಾರದು, ಅದರೊಳಗಿನ ಉಪ್ಪಿನಂಥದ್ದೊಂದು ನಿಮ್ಮ ಕಿಡ್ನಿಯಿಂದ ಹೊರಗೆ ಹೋಗುವುದಿಲ್ಲ, ಎದೆ ನಿಂತುಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಎಲ್ಲ ಹೆಂಗಸರೂ ನನ್ನತ್ತ ನೋಡುತ್ತಿದ್ದರು. ಕಮಲಾಪುರದ ಸೊಸೆ ಕಮಲಾಪುರದ ಬಾಳೆಹಣ್ಣು ಒಲ್ಲೆ ಅನ್ನುವುದು ಹೇಗೆ? ಅದೂ ನನ್ನನ್ನು ಮೊದಲು ಕರೆದ ಕೈಯಿಂದ? ಸುಲಿದು ತಿಂದೆ. "ಇನ್ನೊಂದು ಕಾಕಿ" ಎಂದಾಗ ಅದನ್ನೂ ತಿಂದೆ. ಬಹಳ ರುಚಿಯಾಗಿತ್ತು. ಸುಳ್ಳು ಬರೆಯುವುದಿಲ್ಲ.

ಮನೆಗೆ ಬಂದು ಅಡ್ಡಾದೆ. ಇಳಿಹೊತ್ತಿಗೆ ಕಾಲಿನಲ್ಲಿ ಬಲವೇ ಇಲ್ಲದಂತಾಯಿತು. ಎದೆಯ ಮೇಲೆ ಜೋಳದ ಚೀಲ ಇಟ್ಟ ಹಾಗೆ. ಉಸಿರು ಒಳಗೆ ಹೋಗುತ್ತಿತ್ತು, ತಳ ಮುಟ್ಟುತ್ತಿರಲಿಲ್ಲ. ನಿಮ್ಮ ಅವ್ವ ಓಣಿಯವರ ಜೀಪು ಕರೆಸಿದಳು. ಹಿಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೆ ನನ್ನ ತಲೆ. ಅವಳು ದಾರಿಯುದ್ದಕ್ಕೂ ನನಗೆ ಬೈಯುತ್ತಲೇ ಇದ್ದಳು. "ಮಾತಾಡ್ರಿ ಅತ್ತಿ, ತಿರುಗಿ ಬೈರಿ ನನಗ, ಸುಮ್ನಿರಬ್ಯಾಡ್ರಿ" ಎನ್ನುವಳು, ಮತ್ತೆ ಬೈಯುವಳು. ಸೊಸೆಯ ಬಾಯಿಂದ ಬೈಸಿಕೊಂಡದ್ದು ಅದೇ ಮೊದಲು. ಅವಳ ಕಣ್ಣೀರು ನನ್ನ ಹಣೆಗೆ ಬೀಳುತ್ತಿತ್ತು.

ಆಸ್ಪತ್ರೆಯಲ್ಲಿ ಕೈ ತಯಾರಿರಲಿಲ್ಲವಲ್ಲ, ಕುತ್ತಿಗೆಗೆ ಪೈಪು ಹಾಕಬೇಕಾಯಿತು. ಕುಪ್ಪಸ ಬಿಚ್ಚಿಸಿದರು. ನಿಮ್ಮ ಅಜ್ಜನ ಎದುರೂ ದೀಪ ಆರಿಸದೆ ಸೆರಗು ಸರಿಸದವಳು ನಾನು. ಅಲ್ಲಿ ಬಿಳಿ ದೀಪದ ಕೆಳಗೆ, ಗಂಡಸರ ನಡುವೆ, ಭುಜ ಬಿಟ್ಟುಕೊಂಡು ಮಲಗಿದ್ದೆ. ನರ್ಸು "ಕೊರಳಾಗಿನದು ತೆಗೀರಿ" ಎಂದು ಕರಡಿಗೆಗೆ ಕೈ ಹಾಕಿದಾಗ ನಾನು ಅವಳ ಮಣಿಕಟ್ಟು ಹಿಡಿದುಬಿಟ್ಟೆ. ಬಾಗಿಲಲ್ಲಿದ್ದ ನಿಮ್ಮ ಅವ್ವ ಒಳಗೆ ಬಂದು, ಏನೂ ಕೇಳದೆ, ಶಿವದಾರವನ್ನು ಉದ್ದ ಮಾಡಿ ಎಡ ಕಂಕುಳ ಕೆಳಗಿನಿಂದ ಅಡ್ಡಲಾಗಿ ಹಾಕಿದಳು. "ಈಗ ಅಡ್ಡ ಬರಂಗಿಲ್ರಿ ಸಿಸ್ಟರ್" ಎಂದು ಹೊರಗೆ ಹೋದಳು.

ಮಷೀನು ಶುರುವಾದಾಗ ನನ್ನ ರಕ್ತ ಪೈಪಿನಲ್ಲಿ ಹೋಗಿ ಸುತ್ತಿ ಬರುವುದು ಕಂಡಿತು. ಸತ್ತೇನೆಂಬ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಯಿತು. ಮೈಯೊಳಗಿನದನ್ನು ಹೊರಗೆ ಒಣಹಾಕಿದ ಹಾಗೆ, ಹೋಗುವವರು ಬರುವವರು ಎಲ್ಲರೂ ನೋಡುವ ಹಾಗೆ. ಕಣ್ಣು ಮುಚ್ಚಿದೆ.

"ಅರೆ ಅಮ್ಮಾ, ಹೊಸಬಳಾ?" ಪಕ್ಕದ ಹಾಸಿಗೆಯಿಂದ ದನಿ ಬಂತು. ಕೋಟೆ ಕಡೆಯ ಹೆಣ್ಣುಮಗಳು, ನನ್ನ ವಾರಿಗೆಯವಳೇ. ಬಲಗೈ ತುಂಬ ಹಸಿರು ಗಾಜಿನ ಬಳೆ. ಎಡಗೈ ಬರಿದು, ಅದಕ್ಕೆ ಸೂಜಿ ಹಾಕಿ ಪೈಪು ಅಂಟಿಸಿದ್ದರು. ಆ ಕೈ ನೋಡಿ ನನಗೆ ಮೈ ಜುಮ್ಮೆಂದಿತು. ಮುಂಗೈ ಉದ್ದಕ್ಕೂ ನಾಳ ಹಗ್ಗದಂತೆ ಎದ್ದಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು.

"ಮುಂದಿನ ಸಲ ಸೂಜಿ ತೆಗೆದ ಮ್ಯಾಲ ಕೈ ಇಟ್ಟು ನೋಡುವಂತಿ. ಕಚ್ಚಂಗಿಲ್ಲ ಅದು. ಬೆಕ್ಕು ಗುರುಗುಟ್ಟಿದಂಗ ಇರ್ತದ. ನಮ್ಮ ಮನೀಯವರು ಅಂತಾರ, ನಿನ್ನ ಕೈ ಆವಾಜಿಗೆ ನನಗ ನಿದ್ದಿ ಇಲ್ಲ ಅಂತ. ನಿಮ್ಮ ಗೊರಕಿಗೆ ನಾ ಉಮರ್ ಪೂರಾ ಮಲಗಿಲ್ಲ, ಈಗ ಹಿಸಾಬ್ ಬರೋಬರ್ ಆತು ಅಂದೆ."

ಕುತ್ತಿಗೆಯಲ್ಲಿ ಪೈಪು ಇಟ್ಟುಕೊಂಡು ನಗುವುದು ಕಷ್ಟ. ಆದರೂ ನಗೆ ಬಂತು.

"ಕುತ್ತಿಗಿ ಪೈಪು ಭರೋಸಾ ಇಲ್ಲಮ್ಮಾ. ಜ್ವರ ಹಿಡೀತದ, ಕೀವು ಆಗ್ತದ. ನಿನ್ನ ಹಾಸಿಗ್ಯಾಗ ಮೊದಲು ಒಬ್ಬಾಕಿ ಇದ್ಲು..." ಎಂದವಳು ಅಲ್ಲಿಗೇ ನಿಲ್ಲಿಸಿ, "ಲಗೂನ ಕೈ ಮಾಡಿಸ್ಕೋ" ಅಂದಳು.

ಆ ನಿಲ್ಲಿಸಿದ ಮಾತು ನನಗೆ ಪೂರ್ತಿ ಕೇಳಿಸಿತು. ಕೈ ಕೊಡದಿದ್ದರೆ ನಾನು ಉಳಿಯುವುದಿಲ್ಲ, ಪುಟ್ಟಿ. ಅದು ನನಗೆ ಗೊತ್ತಾದದ್ದು ಆ ಹಾಸಿಗೆಯಲ್ಲಿ.

ಆಪರೇಷನ್ ಮಾಡುವ ಡಾಕ್ಟರು ಬೇರೆ, ತೆಲುಗು ಸೀಮೆಯ ಕಡೆಯವರು, ಚುರುಕಿನ ಮನುಷ್ಯ. ನಿಮ್ಮ ಅವ್ವ ಔಷಧಿ ತರಲು ಹೋಗಿದ್ದಳು. ಕೋಣೆಯಲ್ಲಿ ನಾನು, ಡಾಕ್ಟರು, ನರ್ಸು.

"ಅಮ್ಮಾ, ಕೆಲಸ ಯಾವ ಕೈಲಿ ಮಾಡ್ತೀರಿ? ಊಟ, ಬರಿಯೋದು?"

ನಾನು ಯೋಚನೆ ಮಾಡಲಿಲ್ಲ. "ಎಡಗೈಲೆ" ಅಂದುಬಿಟ್ಟೆ.

"ಎಡಗೈಯವರಾ? ಹಾಗಾದ್ರೆ ಬಲಗೈ ನೋಡೋಣ" ಎಂದು ಬಲಗೈಗೆ ಪಟ್ಟಿ ಬಿಗಿದು ಬಡಿದು ನೋಡಿದರು. ತಿಂಗಳುಗಟ್ಟಲೆ ರಕ್ತ ತೆಗೆಯಲು, ಸಲೈನಿಗೆ, ಎಲ್ಲದಕ್ಕೂ ಆ ಕೈಯನ್ನೇ ಕೊಟ್ಟಿದ್ದೆ. ಅಲ್ಲಲ್ಲಿ ಕಪ್ಪುಗಟ್ಟಿತ್ತು. ಅವರ ಮುಖ ಸೊಟ್ಟಗಾಯಿತು. ಎಡಗೈ ಕೇಳಿದರು. ಕೊಡಲೇಬೇಕಾಯಿತು. ಪಟ್ಟಿ ಬಿಗಿದದ್ದೇ ತಡ, ನಾಳ ನೇರವಾಗಿ ಎದ್ದು ನಿಂತಿತು.

"ಅರೆ! ಈ ಕೈನ ಯಾರೂ ಮುಟ್ಟೇ ಇಲ್ಲ. ಎಷ್ಟು ಚೆಂದ ಇಟ್ಕೊಂಡಿದ್ದೀರಿ! ಆದ್ರೆ ಎಡಗೈಯವರು ಅಂತೀರಿ..." ಎಂದು ಅವರು ತಲೆ ಕೆರೆದುಕೊಂಡರು. ಬಲಗೈಗೇ ಪ್ರಯತ್ನ ಮಾಡೋಣ, ಕೂಡದಿದ್ದರೆ ಮೊಣಕೈ ಮೇಲೆ ನೋಡೋಣ ಅಂದರು. ನರ್ಸು ಒಪ್ಪಿಗೆಯ ಕಾಗದ ತಂದು ಪೆನ್ನು ಕೊಟ್ಟಳು. ನಾನು ಪೆನ್ನು ತೆಗೆದುಕೊಂಡು, ಶಾಲೆಯಲ್ಲಿ ಕಲಿಸಿದ ಹಾಗೆ, ದುಂಡಗೆ, ಬಲಗೈಯಿಂದ ಸಹಿ ಮಾಡಿದೆ.

ತಲೆ ಎತ್ತಿದಾಗ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಔಷಧಿಯ ಚೀಲ ಹಿಡಿದು ನಿಮ್ಮ ಅವ್ವ ನಿಂತಿದ್ದಳು.

"ಏನಮ್ಮಾ, ನಿಮ್ಮ ಅತ್ತೆ ಎಡಗೈಯವರಾ?" ಡಾಕ್ಟರು ಅವಳನ್ನು ಕೇಳಿದರು.

"ಯಾರ್ರೀ? ನಮ್ಮತ್ತಿ?" ಅವಳು ಒಳಗೆ ಬಂದಳು. "ಎಡಗೈಲೆ ಒಂದು ಕಡ್ಡಿ ಗೀರಿದ್ದು ನೋಡಿಲ್ರಿ ನಾ. ಯಾಕ್ರೀ ಅತ್ತಿ, ಹಂಗ ಹೇಳಿದ್ರ?"

ನರ್ಸು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನನಗೆ ಕಿವಿ ಬಿಸಿಯಾಗಿ, ಕಣ್ಣು ಮಂಜಾಯಿತು. ಶಾಲೆಯಲ್ಲಿ ಲೆಕ್ಕ ತಪ್ಪಿದಾಗ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರಲ್ಲ, ಹಾಗಾಯಿತು. ಬಲಗೈಯನ್ನು ಸೆರಗಿನ ಮೇಲಿಂದ ಕರಡಿಗೆಯ ಮೇಲಿಟ್ಟೆ. ಎಡ ಅಂಗೈಯನ್ನು ಬಿಡಿಸಿ ಅವಳ ಮುಂದೆ ಹಿಡಿದೆ. ಅಷ್ಟೇ ನನ್ನಿಂದ ಆದದ್ದು.

ನಿಮ್ಮ ಅವ್ವ ನನ್ನ ಅಂಗೈ ನೋಡಿದಳು. ಅವಳ ಮುಖದ ನಗೆ ಹೋಯಿತು. ಚೀಲವನ್ನು ಕೆಳಗಿಟ್ಟು, ಡಾಕ್ಟರ ಕಡೆ ತಿರುಗಿ, ನಾವು ಲಿಂಗ ಹಿಡಿಯುವುದು ಎಡ ಅಂಗೈಯಲ್ಲಿ, ದಿನಾ ಪೂಜೆ ಮಾಡುತ್ತಾರೆ, ಅದಕ್ಕೇ ಆ ಕೈ ಕೊಡಲು ಹಿಂಜರಿಯುತ್ತಿದ್ದಾರೆ ಎಂದು ಬಿಡಿಸಿ ಹೇಳಿದಳು. ಡಾಕ್ಟರು ನಗಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕುಳಿತರು.

"ಅದು ಎಷ್ಟು ಭಾರ ಇರುತ್ತೆ ಅಮ್ಮಾ?"

ಹೆತ್ತ ಮಗನೂ ಮುಟ್ಟದ ಲಿಂಗದ ಭಾರವನ್ನು ಪರ ಗಂಡಸು ಕೇಳುತ್ತಿದ್ದಾರೆ. ತಲೆ ತಗ್ಗಿಸಿ, "ನೆಲ್ಲಿಕಾಯಷ್ಟು" ಅಂದೆ.

"ಅಷ್ಟೇನಾ? ಗಾಯ ಒಣಗಿದ ಮೇಲೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡ್ಕೊಳ್ಳಿ. ನೀರಿನ ಕೊಡ ಎತ್ತಬೇಡಿ, ಆ ಕೈ ಮೇಲೆ ತಲೆ ಇಟ್ಟು ಮಲಗಬೇಡಿ. ನಾವು ಮುಟ್ಟೋದು ಮಣಿಕಟ್ಟು. ಅಂಗೈ ನಿಮ್ಮದೇ."

ಇಷ್ಟು ಕೇಳಲು ನಾನು ಶ್ರಾವಣ, ಮದುವೆ, ರಾಶಿ ಎಲ್ಲ ದಾಟಿ, ಕುತ್ತಿಗೆಗೆ ಪೈಪು ಹಾಕಿಸಿಕೊಂಡು ಬರಬೇಕಾಯಿತು. ಮೊದಲ ದಿನವೇ ಆ ಮೆತ್ತಗಿನ ಡಾಕ್ಟರನ್ನು ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಆಪರೇಷನ್ನಿಗೆ ಮೊದಲು ಹೊರಗಿನ ಬೆಂಚಿನ ಮೇಲೆ ಕುಳಿತಾಗ ಉಳಿದ ಮಾತನ್ನೂ ನಿಮ್ಮ ಅವ್ವನಿಗೆ ಹೇಳಿದೆ. ಅವಳ ಮುಖ ನೋಡದೆ, ಎದುರಿನ ನಲ್ಲಿಗೆ ಹೇಳುವ ಹಾಗೆ ಹೇಳಿದೆ. "ನಿಮ್ಮ ಮಾವನ ಕೈ ನೋಡಿದ್ದೆ ನಾ. ಕಡೀಕ ಇದರಾಗೇ ಇಡ್ತಾರಲ್ಲವ್ವಾ. ಚುಚ್ಚಿ ಚುಚ್ಚಿ ಗಂಟಾದ ಕೈಯಾಗ ಹ್ಯಾಂಗ..."

ಅವಳು ಮಡಿಲಲ್ಲಿದ್ದ ಔಷಧಿಯ ಚೀಲವನ್ನು ಬದಿಗಿಟ್ಟಳು.

"ಆ ದಿನದ ಕೈ ಚಿಂತಿ ನಮಗ ಬಿಡ್ರಿ ಅತ್ತಿ. ಇವತ್ತಿನ ಕೈ ನೀವು ನೋಡ್ಕೋರಿ. ಅಪ್ಪು ಇನ್ನ ನಿಮ್ಮ ಕೈ ಹಿಡದ ಶಾಲಿಗೆ ಹೋಗ್ತಾನ."

ಕೈ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದರು. ಬ್ಯಾಂಡೇಜು ಕಟ್ಟಿಸಿಕೊಂಡು ಮನೆಗೆ ಬಂದೆ. ಮರುದಿನ ಸ್ನಾನವಾದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತೆ. ಎಡಗೈ ಮೇಲೆ ಎತ್ತಿದರೆ ನೋವು, ನಡುಕ. ಲಿಂಗ ಜಾರೀತು ಎಂಬ ಭಯ. ಕರಡಿಗೆ ತೆರೆಯುವುದು, ಮುಚ್ಚುವುದು. ಬಾಗಿಲ ಹತ್ತಿರ ನಿಮ್ಮ ಅವ್ವ ನಿಂತದ್ದು ಗೊತ್ತಾಯಿತು. ಅವಳು ಕೈಕಾಲು ತೊಳೆದುಕೊಂಡು ಬಂದು ನನ್ನ ಎಡಗಡೆ ಕುಳಿತಳು. ತನ್ನ ಅಂಗೈಯನ್ನು ನನ್ನ ಅಂಗೈಯ ಕೆಳಗಿಟ್ಟು ಮೆತ್ತಗೆ ಮೇಲಕ್ಕೆ ಎತ್ತಿದಳು.

"ಈಗ ಇಟ್ಕೋರಿ" ಅಂದಳು.

ನನ್ನ ಪೂಜೆಯನ್ನು ಅದುವರೆಗೆ ಯಾರೂ ಪಕ್ಕದಲ್ಲಿ ಕೂತು ನೋಡಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಅವಳು ಅದನ್ನು ತಿಳಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಒಲೆಯ ಮೇಲೆ ಅವಳ ಅನ್ನ ಸೀಯುವ ವಾಸನೆ ಬಂತು. ಅವಳು ಏಳಲಿಲ್ಲ. ಬ್ಯಾಂಡೇಜು ಬಿಚ್ಚುವ ತನಕ ದಿನಾ ಹೀಗೇ ಕೂತಳು. ಒಂದು ದಿನವೂ ನನ್ನ ಕಡೆ ತಿರುಗಲಿಲ್ಲ.

ಗಾಯ ಒಣಗಿದ ಮೇಲೆ ಕೈ ಹಣ್ಣಾಗಲು ಚೆಂಡು ಹಿಸುಕಬೇಕು ಅಂದರು. ಪುಟ್ಟಿ, ನಿನ್ನ ಹಳದಿ ಚೆಂಡು ಕಳೆದಿದೆ ಎಂದು ಅತ್ತಿದ್ದೆಯಲ್ಲ, ಅದು ನನ್ನ ದಿಂಬಿನ ಕೆಳಗಿತ್ತು. ಯಾರಾದರೂ ಬಂದರೆ ಅಡಗಿಸುತ್ತಿದ್ದೆ. ಮುದುಕಿ ಚೆಂಡಾಟ ಆಡುತ್ತಾಳೆ ಅಂದಾರು ಎಂದು. ನಿಮ್ಮ ಅವ್ವ ನನ್ನ ಕುಪ್ಪಸಗಳ ಎಡ ತೋಳಿನ ಹೊಲಿಗೆ ಬಿಚ್ಚಿ ಟಿಚ್ ಬಟನ್ ಹಚ್ಚಿದಳು, ಡಯಾಲಿಸಿಸ್ ಕೋಣೆಯಲ್ಲಿ ಕುಪ್ಪಸ ಬಿಚ್ಚುವ ಕಷ್ಟ ತಪ್ಪಲಿ ಎಂದು. ಕೈ ಹಣ್ಣಾಯಿತು. ಕುತ್ತಿಗೆಯ ಪೈಪು ತೆಗೆದರು. ಈಗ ಕಲಬುರಗಿಗೆ ಹೋದಾಗಲೆಲ್ಲ ಅದೇ ಕೈ ಕೊಟ್ಟು ಮಲಗುತ್ತೇನೆ. ಕೋಟೆಯ ಗೆಳತಿ ಒಮ್ಮೆ ನನ್ನ ಮುಂಗೈಗೆ ಕೈ ಹಚ್ಚಿ, "ನಿಂದು ಬೆಕ್ಕಲ್ಲ, ಹುಲಿ ಅದ" ಅಂದಳು.

ಇಷ್ಟಾದ ಮೇಲೂ ನಾಚಿಕೆ ಯಾಕೆ ಹೋಗಲಿಲ್ಲ ಎಂದು ಪುಟ್ಟಿ, ನೀನು ಕೇಳಬಹುದು. ಅದಕ್ಕೆ ಕಾರಣವಿದೆ.

ಅಪ್ಪು ಗೆಳೆಯರನ್ನು ಕರೆತಂದ ಆ ದಿನಕ್ಕೆ ಸ್ವಲ್ಪ ಮೊದಲು, ನಮ್ಮ ಬಳಗದ ಮದುವೆಯೊಂದರಲ್ಲಿ ಹೆಂಗಸರೆಲ್ಲ ಊಟಕ್ಕೆ ಕುಳಿತಿದ್ದೆವು. ಬಡಿಸಿಕೊಳ್ಳುವಾಗ ನನ್ನ ಸೆರಗು ಜಾರಿ ಕೈ ಕಂಡಿತು. ನಿಮ್ಮ ಅಜ್ಜನ ಅತ್ತಿಗೆ, ನಮ್ಮೆಲ್ಲರಿಗೂ ಹಿರಿಯಳು, ಎದುರು ಸಾಲಿನಿಂದ ಕೂಗಿ ಕೇಳಿದಳು.

"ಏನಿದು, ಹಾವು ಮಲಗಿದಂಗ! ಇದೇ ಕೈಯಾಗ ಲಿಂಗ ಹಿಡೀತಿಯೇನ? ವಾರಾ ರಕ್ತ ಹರಿಸಿ ಬರ್ತಿ ಇದರಾಗ. ನಾಳಿ ನಿನಗ ಬಲಗೈಯಾಗ ಇಡಬೇಕಾಗ್ತದ, ನೋಡು ಮತ್ತ!"

ಬಡಿಸುತ್ತಿದ್ದ ನಿಮ್ಮ ಅವ್ವ ಸಾರಿನ ಬಕೆಟ್ಟು ಕೆಳಗಿಟ್ಟಳು.

"ದೊಡ್ಡತ್ತಿ, ಲಿಂಗ ಕಟ್ಟಿಕೊಂಡವರಿಗೆ ಮೈಲಿಗಿ ಇಲ್ಲಂತ ನನಗ ಹೇಳಿಕೊಟ್ಟವರು ನೀವು. ನನ್ನ ಬಾಣಂತನದಾಗ ಹೇಳಿದ್ರಿ. ನೆನಪದ ಏನು? ಸಾರು ಹಾಕಲೇನು ಇನ್ನೊಂದು ಸೌಟು?"

ಕೆಲವರು ನಕ್ಕರು. ಹಿರಿಯಳು "ನಾ ಏನಂದೆ ಈಗ" ಎಂದು ಗೊಣಗಿ ಅನ್ನ ಕಲಸಿದಳು. ಅವಳು ಕೆಟ್ಟವಳಲ್ಲ. ಮನಸ್ಸಿಗೆ ಬಂದದ್ದು ಬಾಯಿಗೆ ಬರುತ್ತದೆ, ನನ್ನ ತದ್ವಿರುದ್ಧ. ಆದರೆ ನಾನು ಆ ಹೊತ್ತು ಎಲೆಯಿಂದ ತಲೆ ಎತ್ತಲಿಲ್ಲ. ಇದು ನನ್ನ ಕೈ, ಇದೇ ನನ್ನನ್ನು ಉಳಿಸಿದ್ದು, ಇದರಲ್ಲೇ ಹಿಡಿಯುತ್ತೇನೆ ಎಂದು ಹೇಳಬೇಕಿತ್ತು. ಸೆರಗು ಸರಿಮಾಡಿಕೊಂಡೆ. ಅಂದಿನಿಂದ ಆ ಕೈಯನ್ನು ಇನ್ನೂ ಹೆಚ್ಚು ಮುಚ್ಚಿಕೊಂಡೆ. ಅಪ್ಪು, ನಿನ್ನ ಗೆಳೆಯರ ಮುಂದೆ ನಾನು ಎದ್ದು ಹೋದದ್ದು ಇದಕ್ಕೆ. ನೀನು ಡಂಗು ಹೊಡೆದಿರಲಿಲ್ಲ. ನಿನ್ನ ಮಾತು ಖರೆಯಾಗಿತ್ತು.

ಆ ರಜೆಯಲ್ಲೇ ಒಂದು ಮಧ್ಯಾಹ್ನ ನಾನು ಮಲಗಿದ್ದಾಗ ಪುಟ್ಟಿ ಬಂದು ಸೆರಗು ಸರಿಸಿ ನನ್ನ ಮುಂಗೈಗೆ ಕಿವಿ ಹಚ್ಚಿದಳು. ನನಗೆ ಎಚ್ಚರವಿತ್ತು. ಕಣ್ಣು ತೆರೆಯಲು ನಾಚಿಕೆಯಾಗಿ ಹಾಗೇ ಮಲಗಿದ್ದೆ. ಪುಟ್ಟಿ, ನೀನು ಬಹಳ ಹೊತ್ತು ಕಿವಿ ತೆಗೆಯಲಿಲ್ಲ. ಆಮೇಲೆ ಸೆರಗನ್ನು ಮೊದಲಿದ್ದ ಹಾಗೇ ಹೊದಿಸಿ, ಬೆಕ್ಕಿನ ಹೆಜ್ಜೆಯಲ್ಲಿ ಹೋದೆ.

ಬೆಳಿಗ್ಗೆ ಲಿಂಗ ಹಿಡಿದು ಕೂತಾಗ ಆ ಝುಂ ಅಂಗೈ ತನಕ ಬರುತ್ತದೆ. ಮೊದಮೊದಲು ಪೂಜೆಗೆ ಅಡ್ಡಿ ಅನ್ನಿಸುತ್ತಿತ್ತು. ಈಗ ಅದು ಕೇಳದಿದ್ದರೆ ಎದೆ ಹಾರುತ್ತದೆ, ನಾಳ ನಿಂತುಹೋಯಿತೇ ಎಂದು. ಲಿಂಗ ನೋಡುವುದೂ ಕೈ ನೋಡುವುದೂ ಒಂದೇ ಹೊತ್ತಿನಲ್ಲಿ ನಡೆಯುತ್ತದೆ.

ಈಗ ಬಾಯಲ್ಲಿ ಹೇಳಲಾಗದ ಮಾತು. ನಾನು ಹೋದ ದಿನ ಮನೆ ತುಂಬ ಜನ ಇರುತ್ತಾರೆ. ಹಿರಿಯರು ಯಾರಾದರೂ ಈ ಕೈ ನೋಡಿ ಮುಖ ಕಿವಿಚಬಹುದು, ಬಲಗೈಯಲ್ಲಿ ಇಡಿ ಅನ್ನಬಹುದು. ನಿಮ್ಮ ಅಪ್ಪ ಅಳುತ್ತಿರುತ್ತಾನೆ. ನಿಮ್ಮ ಅವ್ವ ಎಷ್ಟು ಸಲ ಒಬ್ಬಳೇ ನನ್ನ ಪರವಾಗಿ ಮಾತಾಡಬೇಕು? ಆಗ ನೀವು ಅಯ್ಯನವರಿಗೆ ಹೇಳಿ: ನಮ್ಮ ಆಯಿ ಬರೆದಿಟ್ಟಿದ್ದಾಳೆ, ಎಡಗೈಯಲ್ಲೇ ಇಡಬೇಕಂತೆ. ಗಂಟು ಇರುತ್ತದೆ, ಕಲೆ ಇರುತ್ತದೆ, ಇರಲಿ. ಬಟ್ಟೆ ಸುತ್ತುವ ಮೊದಲು ಸೆರಗು ಹೊದಿಸಿ ಮುಚ್ಚುವ ಅವಸರ ಮಾಡಬೇಡಿ. ನೋಡುವವರು ನೋಡಲಿ. ಬೆರಳು ಮಡಿಯದಿದ್ದರೆ ನಿಮ್ಮ ಅವ್ವನಿಗೆ ಹೇಳಿ, ಆ ಕೈ ಹಿಡಿದು ಅವಳಿಗೆ ರೂಢಿ ಇದೆ.

ನನ್ನ ಮಾತಿಗೆ ಯಾವತ್ತೂ ಗಟ್ಟಿ ದನಿ ಇರಲಿಲ್ಲ. ಈ ಹಾಳೆಗಳೇ ಆ ದಿನ ನನ್ನ ದನಿ. ವಿಭೂತಿ ಗಟ್ಟಿ ಇಡುವ ತಗಡಿನ ಡಬ್ಬಿಯ ತಳದಲ್ಲಿ ಮಡಿಸಿ ಇಟ್ಟಿರುತ್ತೇನೆ, ಅಲ್ಲಿ ನುಸಿ ಬರುವುದಿಲ್ಲ. ಪುಟ್ಟಿ, ಡಬ್ಬಿ ನಿನ್ನ ಕೈಗೆ ಎಟುಕುತ್ತದೆ. ಅಪ್ಪು, ನಿನಗೆ ಇನ್ನೂ ಸಿಗದು, ಅಕ್ಕನನ್ನು ಕೇಳು. ನೀರು ತಾಗದ ಹಾಗೆ, ರದ್ದಿಗೆ ಹೋಗದ ಹಾಗೆ ಜೋಪಾನ ಮಾಡಿ.